ಕಿತ್ತೂರು ಬಿದ್ದ ಕಾಲ, 'ಏಷ್ಯಾ' ಎಂಬ ಕಲ್ಲು

1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯೆದುರು ಥ್ಯಾಕರೆ ಸತ್ತಾಗ ಲೋಕಕ್ಕೆ ಗೊತ್ತಿದ್ದ ಕ್ಷುದ್ರಗ್ರಹಗಳು ನಾಲ್ಕೇ ನಾಲ್ಕು. 1829ರಲ್ಲಿ ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ಕಣ್ಣು ಮುಚ್ಚಿದಾಗಲೂ ಅಷ್ಟೇ.

ಕಿತ್ತೂರನ್ನು ನುಂಗಿದ ಅದೇ ಕಂಪನಿ ಸರ್ಕಾರ 1792ರಲ್ಲಿ ಮದ್ರಾಸಿನಲ್ಲಿ ವೀಕ್ಷಣಾಲಯ ಕಟ್ಟಿಸಿತ್ತು. ಚುಕ್ಕೆಗಳ ಮೇಲಿನ ಪ್ರೀತಿಗಲ್ಲ. ಹಡಗಿಗೆ ದಾರಿ, ನೆಲಕ್ಕೆ ಅಳತೆ ಬೇಕಿತ್ತು. ಕಂಪನಿ ಆಳ್ವಿಕೆ ಮುಗಿದ ಮೇಲೆ ಅಲ್ಲಿಗೆ ಬಂದ ನಾರ್ಮನ್ ಪಾಗ್ಸನ್ 1861ರ ಏಪ್ರಿಲ್ 17ರಂದು 67ನೆಯ ಕ್ಷುದ್ರಗ್ರಹವನ್ನು ಕಂಡನು. ಏಷ್ಯಾ ಖಂಡದಿಂದ ಕಂಡ ಮೊದಲನೆಯದು, ಆದ್ದರಿಂದ ಹೆಸರೂ 'ಏಷ್ಯಾ'.

ಮಂಗಳ ಮತ್ತು ಗುರು ಗ್ರಹಗಳ ನಡುವಿನ ಪಟ್ಟಿಯಲ್ಲಿರುವ ಈ ಕಲ್ಲುಗುಂಡು ಸೂರ್ಯನನ್ನು ಸುತ್ತಲು ಸುಮಾರು ಮೂರೂಮುಕ್ಕಾಲು ವರ್ಷ ಬೇಕು. ತನ್ನ ಸುತ್ತ ತಾನು ತಿರುಗಲು ಸುಮಾರು 16 ಗಂಟೆ. ಇಂಥ ಅನೇಕ ಕಲ್ಲುಗಳಿಗಿಂತ ಇದು ನಿಧಾನ. ಅದರ ಬೆಳಕು ಏರಿ ಇಳಿಯುವುದನ್ನು ಅಳೆದೇ ಇದನ್ನು ತಿಳಿದದ್ದು. ಅಡ್ಡಳತೆ ಸುಮಾರು 58 ಕಿ.ಮೀ. ಬೈಲಹೊಂಗಲವನ್ನು ನಡುವೆ ಇಟ್ಟುಕೊಂಡು ಇಳಿಸಿದರೆ ಕಿತ್ತೂರು, ಸವದತ್ತಿ ಎರಡೂ ಅದರಡಿ ಬಂದಾವು, ರಾಮದುರ್ಗದವರು ಪಾರು!

ದಾಖಲೆಯಲ್ಲಿರುವುದು ಪಾಗ್ಸನ್ ಹೆಸರು. ಆದರೆ ನಮ್ಮ ಮಕ್ಕಳು ಅದೇ ವೀಕ್ಷಣಾಲಯದ ಸಹಾಯಕ ಚಿಂತಾಮಣಿ ರಘುನಾಥಾಚಾರ್ಯರ ಹೆಸರನ್ನೂ ಅರಿಯಬೇಕೆಂಬುದು ನನ್ನ ಆಸೆ. 1867ರಲ್ಲಿ ಅವರು ಬೆಳಕು ಬದಲಾಗುವ ನಕ್ಷತ್ರವೊಂದನ್ನು ಗುರುತಿಸಿದರು. 1874ರ ಡಿಸೆಂಬರ್ 9ರಂದು ಶುಕ್ರನು ಸೂರ್ಯಬಿಂಬವನ್ನು ದಾಟುವ ಮುನ್ನ, ಜನರಿಗೆ ಅದನ್ನು ವಿವರಿಸಲು ಅವರು ಬರೆದ ಪುಸ್ತಿಕೆ ಕನ್ನಡದಲ್ಲಿಯೂ ಅಚ್ಚಾಯಿತು.

'ಏಷ್ಯಾ' ಬರಿಗಣ್ಣಿಗೆ ಕಾಣದು. ಎಲ್ಲಮ್ಮನ ಗುಡ್ಡದ ಕತ್ತಲಲ್ಲಿ ನಿಂತರೂ ದೂರದರ್ಶಕ ಬೇಕು.