15ನೇ ಕೋಡಾನಿನ ಸಮಾಚಾರ

ಕೊಟ್ಟೂರು, ಹರಪನಹಳ್ಳಿ ಕಡೆ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿ ನಿವೃತ್ತನಾದವನು ನಾನು. ನಾವು ಪಾಠ ಮಾಡುತ್ತಿದ್ದ ಪುಸ್ತಕಗಳಲ್ಲಿ ಆರ್‌ಎನ್‌ಎ ಹುಟ್ಟುವ ಬಗೆಗೆ ಪುಟಗಟ್ಟಲೆ ಇರುತ್ತಿತ್ತು, ಸಾಯುವ ಬಗೆಗೆ ಹೆಚ್ಚೇನೂ ಇರುತ್ತಿರಲಿಲ್ಲ. ಆ ಸಾವಿನ ಚರಿತ್ರೆಯ ಒಂದು ಭಾಗ ಬಿಚ್ಚಿಕೊಂಡಿದ್ದು, ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಥಲಸ್ಸೇಮಿಯಾ ಎಂಬ ವಂಶಪಾರಂಪರ್ಯ ಕಾಯಿಲೆಯ ರೋಗಿಗಳಿಂದ. ತಿಂಗಳು ತಿಂಗಳು ರಕ್ತ ಹಾಕಿಸಿಕೊಳ್ಳುವ ಅಂಥ ಮಕ್ಕಳು ನಮ್ಮ ಸೀಮೆಯಲ್ಲೂ ಇದ್ದಾರೆ.

1961ರಲ್ಲಿ ಬ್ರೆನರ್, ಜೇಕಬ್, ಮೆಸೆಲ್ಸನ್ ಅವರು ಬ್ಯಾಕ್ಟೀರಿಯಾದೊಳಗೆ ಹಿಡಿದ ಎಂಆರ್‌ಎನ್‌ಎ (ಡಿಎನ್‌ಎ ಸಂದೇಶದ ಪ್ರತಿ) ಕೆಲವೇ ನಿಮಿಷ ಬದುಕುವಂಥದ್ದು. ಮನುಷ್ಯನ ಜೀವಕೋಶದಲ್ಲಿ ಕೆಲವು ಅರ್ಧ ಗಂಟೆಗೇ ಮುಗಿಯುತ್ತವೆ, ಹಿಮೋಗ್ಲೋಬಿನ್ ಕಟ್ಟುವ ಗ್ಲೋಬಿನ್ನಿನದು ದಿನಗಟ್ಟಲೆ ಇರುತ್ತದೆ. ಇರಲೇಬೇಕು. ಕೆಂಪು ರಕ್ತಕಣ ಬಲಿಯುವ ಮೊದಲೇ ತನ್ನ ಕೋಶಕೇಂದ್ರವನ್ನು ಹೊರಗೆ ಹಾಕುತ್ತದೆ, ಆಮೇಲೆ ಹೊಸ ಪ್ರತಿ ತೆಗೆಯಲು ಡಿಎನ್‌ಎಯೇ ಇಲ್ಲ. ಬೇರೆಯವು ಹಡಗಲಿ ಮಲ್ಲಿಗೆಯಂತೆ ಸಂಜೆಗೆ ಬಾಡಿದರೂ ನಡೆದೀತು, ಇದು ಬಾಡುವಂತಿಲ್ಲ.

ಸಾಯುವ ಕ್ರಮ ಹೀಗೆ: ಎಂಆರ್‌ಎನ್‌ಎಯ ಹಿಂದೆ 'ಎ' ಅಕ್ಷರಗಳದೇ ಒಂದು ಬಾಲ, ಮುಂದೆ ಒಂದು ಟೋಪಿ. ಬಾಲ ಸವೆಯುತ್ತದೆ, ಟೋಪಿ ಕಳಚುತ್ತದೆ, ಎರಡೂ ತುದಿಯಿಂದ ಕಿಣ್ವಗಳು ಮೇಯುತ್ತವೆ. ಆದರೆ ಯಾವಾಗ ಸಾಯಬೇಕು ಎನ್ನುವುದರಲ್ಲಿ ಅದನ್ನು ಓದಿ ಪ್ರೋಟೀನ್ ಕಟ್ಟುವ ರೈಬೋಸೋಮಿನ ಕೈವಾಡವೂ ಇದೆ. ಓದುವುದನ್ನೇ ನಿಲ್ಲಿಸುವ ಸೈಕ್ಲೋಹೆಕ್ಸಿಮೈಡ್ ಎಂಬ ರಾಸಾಯನಿಕವನ್ನು ಜೀವಕೋಶಗಳಿಗೆ ಕೊಟ್ಟಾಗ ಎಷ್ಟೋ ಅಲ್ಪಾಯುಷಿ ಎಂಆರ್‌ಎನ್‌ಎಗಳು ಸಾಯದೆ ಉಳಿದವು.

1979ರಲ್ಲಿ ಚಾಂಗ್ ಮತ್ತು ಕಾನ್ ಒಬ್ಬ ಥಲಸ್ಸೇಮಿಯಾ ರೋಗಿಯ ಬೀಟಾ ಗ್ಲೋಬಿನ್ ಸಂದೇಶದ 17ನೇ ಕೋಡಾನ್ (ಮೂರಕ್ಷರದ ಪದ) ಓದು ನಿಲ್ಲಿಸುವ ಸ್ಟಾಪ್ ಆಗಿ ಬದಲಾಗಿದ್ದನ್ನು ತೋರಿಸಿದರು. 1981ರಲ್ಲಿ ಲಿನ್ ಮಾಕ್ವಾಟ್ ಮತ್ತು ಸಂಗಡಿಗರು ರೋಗಿಗಳ ಮೂಳೆಮಜ್ಜೆಯ ಜೀವಕೋಶಗಳಲ್ಲಿ ನೋಡಿದರೆ, ಬೀಟಾ ಗ್ಲೋಬಿನ್ನಿನ ಎಂಆರ್‌ಎನ್‌ಎ ಹುಟ್ಟುತ್ತಿತ್ತು, ಆದರೆ ಬೇಗ ನಾಶವಾಗುತ್ತಿತ್ತು. ಕಾರಣ ಸ್ಪಷ್ಟವಾಗಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಪ್ರೋಟೀನಿಗೆ ಬೇಡದ ತುಂಡನ್ನು (ಇಂಟ್ರಾನ್) ಕತ್ತರಿಸಿ ಜೋಡಿಸಿದ ಕಡೆಯೆಲ್ಲ ಒಂದು ಪ್ರೋಟೀನ್ ಗುರುತು ಉಳಿಯುತ್ತದೆ. ಮೊದಲ ಸಲ ಓದುತ್ತ ಹೋಗುವ ರೈಬೋಸೋಮ್ ಅವನ್ನೆಲ್ಲ ಗುಡಿಸಿಕೊಂಡು ಹೋಗುತ್ತದೆ. ಕೊನೆಯ ಜೋಡಣೆಗೆ 50-55 ಅಕ್ಷರಕ್ಕಿಂತ ಹಿಂದೆಯೇ ಸ್ಟಾಪ್ ಬಂದರೆ ಮುಂದಿನ ಗುರುತು ಹಾಗೇ ಉಳಿಯುತ್ತದೆ. ಆಗ ಯುಪಿಎಫ್1 ಮುಂತಾದ ಪ್ರೋಟೀನುಗಳು ಸೇರಿ ಆ ಪ್ರತಿಯನ್ನೇ ಮುಗಿಸುತ್ತವೆ. ಅರ್ಧಂಬರ್ಧ ಪ್ರೋಟೀನು ರಾಶಿ ಬೀಳದಂತೆ ಮಾಡಿಕೊಂಡ ಏರ್ಪಾಡು.

ಈಗ ನಮ್ಮ ವಿಷಯ. ಭಾರತದ ಥಲಸ್ಸೇಮಿಯಾದಲ್ಲಿ ಹೆಚ್ಚಾಗಿ ಕಾಣುವ ಐದಾರು ಮ್ಯುಟೇಷನ್‌ಗಳಲ್ಲಿ 15ನೇ ಕೋಡಾನಿನದೂ ಒಂದು. ಒಂದೇ ಅಕ್ಷರ ಬದಲಾಗಿ ಯುಜಿಜಿ ಇದ್ದದ್ದು ಯುಎಜಿ, ಅಂದರೆ ಸ್ಟಾಪ್. ಮೇಲಿನ ನಿಯಮದಂತೆ ಈ ಎಂಆರ್‌ಎನ್‌ಎ ಬೇಗ ಸಾಯಬೇಕು. 2000ದಲ್ಲಿ ಪೋರ್ಚುಗಲ್ಲಿನ ಲೂಯಿಸಾ ರೊಮಾವ್ ಮತ್ತು ಸಂಗಡಿಗರು 15ನೇ ಕೋಡಾನಿನಲ್ಲಿ ಸ್ಟಾಪ್ ಇದ್ದ ಪ್ರತಿಯನ್ನು ನೋಡಿದರೆ, ಬೇಗ ಸಾಯುವುದಿಲ್ಲ! ಕಾರಣ, ಓದು ಶುರುವಾಗುವಾಗ ಬಾಲ ಬಾಗಿ ಟೋಪಿಯ ಹತ್ತಿರ ಬರುತ್ತದೆ. ಬಾಲ ಹಿಡಿದ ಪ್ರೋಟೀನ್ ಆರಂಭದ ಪಕ್ಕದಲ್ಲೇ ಇರುವುದರಿಂದ ಅಲ್ಲಿ ಬಂದ ಸ್ಟಾಪ್ ಸಹಜವಾದದ್ದೆಂದೇ ಎಣಿಕೆಯಾಗುತ್ತದೆ. ಇದರಿಂದ ಮಗುವಿಗೆ ಲಾಭವಿಲ್ಲ. ಪ್ರತಿ ಉಳಿದರೇನು, ಓದು ಹದಿನಾಲ್ಕು ಅಮೈನೋ ಆಮ್ಲಕ್ಕೇ ನಿಂತಿತಲ್ಲ.

ಆದರೆ ರೈಬೋಸೋಮ್ ಕೆಲವೊಮ್ಮೆ ಸ್ಟಾಪಿಗೆ ನಿಲ್ಲದೆ ಮುಂದಕ್ಕೂ ಓದುವುದುಂಟು. ಹೀಗೆ ಸ್ಟಾಪ್ ದಾಟಿ ಓದುವ ರೈಬೋಸೋಮಿನ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂದೀಪ್ ಈಶ್ವರಪ್ಪ ಅವರ ತಂಡ ಕೆಲಸ ಮಾಡುತ್ತಿದೆ. ಎಂಆರ್‌ಎನ್‌ಎಗಳ ಬಾಯಿ ಮುಚ್ಚಿಸುವ ಎಜಿಒ1 ಪ್ರೋಟೀನು ಹೀಗೆ ಸ್ಟಾಪ್ ದಾಟಿದ ಓದಿನಿಂದ ಉದ್ದವಾದಾಗ ಆ ಕೆಲಸಕ್ಕೇ ಅಡ್ಡಗಾಲು ಹಾಕುತ್ತದೆ ಎಂದು 2019ರಲ್ಲಿ ಅವರು ತೋರಿಸಿದರು.

ಇನ್ನು ನಮ್ಮ ಸೀಮೆಯ ಮಾತು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಜಿಲ್ಲೆ ಯಾವುದಾದರೂ ಈ ಮಕ್ಕಳು ರಕ್ತಕ್ಕಾಗಿ ಬಸ್ಸು ಹತ್ತುವುದು ತಪ್ಪಲಿಲ್ಲ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಎಲ್ಲ ಕಡೆಯೂ ಅಕ್ಕನ ಮಗಳು, ಸೋದರತ್ತೆ ಮಗ ಅಂತ ಒಳಗೊಳಗೇ ಸಂಬಂಧ ಬೆಳೆಸುವವರು ನಾವು. ತಂದೆ ತಾಯಿಯಲ್ಲಿ ಒಬ್ಬರಿಂದ ಮಾತ್ರ ಕೆಟ್ಟ ಜೀನ್ ಪಡೆದ ವಾಹಕರಿಗೆ ಕಾಯಿಲೆಯೇನೂ ಕಾಣುವುದಿಲ್ಲ. ರಕ್ತ ಕಡಿಮೆ ಅಂತ ಕಬ್ಬಿಣದ ಮಾತ್ರೆ ನುಂಗುತ್ತಿರುತ್ತಾರೆ, ಅಷ್ಟೇ. ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಕಾಯಿಲೆಯ ಮಗು ಹುಟ್ಟುವ ಸಾಧ್ಯತೆ ನಾಲ್ಕರಲ್ಲಿ ಒಂದು. ನಿಶ್ಚಯದ ಎಲೆ-ಅಡಿಕೆಗೆ ಮೊದಲು ಹುಡುಗ ಹುಡುಗಿ ಇಬ್ಬರಿಗೂ ವಾಹಕರನ್ನು ಗುರುತಿಸುವ ಹಿಮೋಗ್ಲೋಬಿನ್ ಎ2 ಪರೀಕ್ಷೆ ಒಂದು ಸಲ ಮಾಡಿಸಿ.