ನೆತ್ತ ಆಡಿದವರು ಯಾರು? ಮಾನ್ಯಖೇಟದ ಕಾವ್ಯಗಳಿಂದ ಟಿ.ವಿ. ಅಭಿಮಾನಿ ಕಥೆಗಳವರೆಗೆ

ಪ್ರಶ್ನೆ ಮತ್ತು ವ್ಯಾಪ್ತಿ

ಧಾರಾವಾಹಿಯಲ್ಲಿ ಇಬ್ಬರ ನಡುವಿನ ನಂಟು ಏನೆಂದು ಬಿಡಿಸಿ ಹೇಳದೆ ಬಿಟ್ಟರೆ ನೋಡುಗರು ಸುಮ್ಮನಿರುವುದಿಲ್ಲ. ಕೆಲವರು ಮಾತಿನಲ್ಲಿ, ಕೆಲವರು ಬರವಣಿಗೆಯಲ್ಲಿ ಅದನ್ನು ತಾವೇ ಮುಗಿಸುತ್ತಾರೆ. ಇಂಥ ಬರವಣಿಗೆಗೆ ಫ್ಯಾನ್ ಫಿಕ್ಷನ್, ಅಂದರೆ ಅಭಿಮಾನಿ ಕಥೆ ಎಂಬ ಹೆಸರಿದೆ. ಇದರ ಚರಿತ್ರೆಯನ್ನು ಸಾಮಾನ್ಯವಾಗಿ 1966ರಿಂದ 1969ರವರೆಗೆ ಅಮೆರಿಕದಲ್ಲಿ ಪ್ರಸಾರವಾದ ‘ಸ್ಟಾರ್ ಟ್ರೆಕ್’ನಿಂದ ಶುರುಮಾಡುತ್ತಾರೆ. 1967ರಲ್ಲಿ ಅದರ ಅಭಿಮಾನಿಗಳು ‘ಸ್ಪಾಕನೇಲಿಯ’ ಎಂಬ ಖಾಸಗಿ ಪತ್ರಿಕೆ ಹೊರಡಿಸಿದರು. ಮುಂದಿನ ದಶಕದಲ್ಲಿ ಆ ಧಾರಾವಾಹಿಯ ಪಾತ್ರಗಳಾದ ಕರ್ಕ್ ಮತ್ತು ಸ್ಪಾಕ್ ನಡುವೆ ಇದ್ದದ್ದು ಬರೀ ಗೆಳೆತನವೋ ಪ್ರೇಮವೋ ಎಂಬುದನ್ನೇ ಹಿಡಿದು ಕಥೆಗಳು ಬಂದವು. 1992ರಲ್ಲಿ ಹೆನ್ರಿ ಜೆಂಕಿನ್ಸ್ ‘ಟೆಕ್ಸ್ಚುವಲ್ ಪೋಚರ್ಸ್’ ಗ್ರಂಥದಲ್ಲಿ ಅಭಿಮಾನಿಗಳು ಧಾರಾವಾಹಿಯನ್ನು ತಿರುಗಿ ಬರೆಯುವ 10 ಬಗೆಗಳನ್ನು ಗುರುತಿಸಿದರು. ಬಿಟ್ಟುಹೋದ ದೃಶ್ಯವನ್ನು ತುಂಬುವುದು, ಬೇರೊಂದು ಪಾತ್ರದ ಕಣ್ಣಿನಿಂದ ನೋಡುವುದು, ಖಳನ ಕಡೆ ನ್ಯಾಯ ಹೊರಳಿಸುವುದು ಅವುಗಳಲ್ಲಿ ಮುಖ್ಯವಾದವು.

ಈ ಮೂರೂ ಕೆಲಸಗಳು ಕನ್ನಡಕ್ಕೆ ಹೊಸವಲ್ಲ. ಕಲಬುರಗಿಯಿಂದ ಸುಮಾರು 40 ಕಿ.ಮೀ. ದೂರದಲ್ಲಿ, ಕಾಗಿಣಾ ದಂಡೆಯ ಮೇಲೆ ಮಳಖೇಡವಿದೆ. ಅದೇ ಅಂದು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಈ ರಾಜಧಾನಿಯ ನೆರಳಿನಲ್ಲಿ ಹುಟ್ಟಿದ ಎರಡು ಭಾರತಗಳನ್ನೂ (ಪಂಪನದು, ರನ್ನನದು), ಅವುಗಳಲ್ಲಿ ಬರುವ ಕರ್ಣ, ದುರ್ಯೋಧನ, ಭಾನುಮತಿ, ದ್ರೌಪದಿಯರ ಸಂಬಂಧಗಳನ್ನೂ ಮುಂದಿಟ್ಟುಕೊಂಡು ಅಭಿಮಾನಿ ಕಥೆಯ ವಿಧಾನವನ್ನು ಅಳೆಯುವುದು ಈ ಲೇಖನದ ಉದ್ದೇಶ. ಅಸ್ಪಷ್ಟ ಸಂಬಂಧವನ್ನು ತಿರುಗಿ ಬರೆಯುವವರು ಹೊಸ ಸಂಗತಿ ತಂದು ಅದನ್ನು ಬಿಡಿಸುವುದು ಕಡಿಮೆ. ಇದ್ದ ಸಂಗತಿಯನ್ನೇ ಯಾರ ಬಾಯಲ್ಲಿ ಆಡಿಸಬೇಕು ಎಂದು ತೀರ್ಮಾನಿಸುವುದರಲ್ಲೇ ಅವರ ವ್ಯಾಖ್ಯಾನವಿದೆ. ಇದು ನನ್ನ ವಾದ.

ದ್ರೌಪದಿ ಯಾರ ಹೆಂಡತಿ?

ಪಂಪನ ‘ವಿಕ್ರಮಾರ್ಜುನ ವಿಜಯ’ದ ಕಾಲ ಕ್ರಿ.ಶ. 941. ಆಶ್ರಯದಾತ ವೇಮುಲವಾಡದ ಅರಿಕೇಸರಿ, ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತ. ಪಂಪ ಅವನನ್ನು ಅರ್ಜುನನ ಜತೆ ಸಮೀಕರಿಸಿದ. ಹಾಗೆ ಮಾಡಿದೊಡನೆ ಒಂದು ತೊಡಕು ಎದುರಾಯಿತು. ಅರಸನ ಪ್ರತಿರೂಪವಾದ ನಾಯಕ ತನ್ನ ಹೆಂಡತಿಯನ್ನು ನಾಲ್ವರು ಅಣ್ಣತಮ್ಮಂದಿರ ಜತೆ ಹಂಚಿಕೊಳ್ಳುವುದು ಹೇಗೆ? ಪಂಪ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ. ಕೊನೆಗೆ ಪಟ್ಟ ಕಟ್ಟುವಾಗ ಅರ್ಜುನನ ಪಕ್ಕದಲ್ಲಿ ಕೂತವಳು ಮಾತ್ರ ಸುಭದ್ರೆ.

ನಾಲ್ಕು ದಶಕದ ಬಳಿಕ, ಸುಮಾರು 982ರಲ್ಲಿ, ರನ್ನ ‘ಸಾಹಸಭೀಮ ವಿಜಯ’ ಬರೆದ. ಅಷ್ಟರಲ್ಲಿ ರಾಷ್ಟ್ರಕೂಟರು ಹೋಗಿ ಚಾಲುಕ್ಯ ತೈಲಪ ಬಂದಿದ್ದ. ರಾಜಧಾನಿ ಇನ್ನೂ ಕಲ್ಯಾಣಕ್ಕೆ ಹೋಗಿರಲಿಲ್ಲ, ಮಾನ್ಯಖೇಟದಲ್ಲೇ ಇತ್ತು. ರನ್ನನ ಆಶ್ರಯದಾತ ತೈಲಪನ ಮಗ ಸತ್ಯಾಶ್ರಯ, ಅವನ ಪ್ರತಿರೂಪ ಭೀಮ. ಹಾಗಾಗಿ ಮುಡಿ ಬಿಚ್ಚಿದ ದ್ರೌಪದಿ ಕಾವ್ಯದ ಆರಂಭದಲ್ಲೇ ಭೀಮನ ಮುಂದೆ ನಿಂತು ಅವನ ಪ್ರತಿಜ್ಞೆಯನ್ನು ಕೆಣಕುತ್ತಾಳೆ. ಕೊನೆಗೆ ಪಟ್ಟಾಭಿಷೇಕವೂ ಆ ಇಬ್ಬರಿಗೇ.

ಒಂದೇ ಹೆಣ್ಣನ್ನು ಇಬ್ಬರು ಕವಿಗಳು ಎರಡು ಜೋಡಿಗಳಲ್ಲಿ ಇಟ್ಟರು. ಇಂದಿನ ಅಭಿಮಾನಿಗಳು ಎರಡು ಪಾತ್ರಗಳನ್ನು ಜೋಡಿ ಮಾಡಿ ‘ಶಿಪ್’ ಮಾಡುತ್ತೇವೆ ಎನ್ನುತ್ತಾರಲ್ಲ, ಆ ಕೆಲಸವನ್ನು ಈ ಮಹಾಕವಿಗಳು ಅರಸರ ಸಮ್ಮುಖದಲ್ಲೇ ಮಾಡಿದ್ದರು. ಕಾರಣಗಳಲ್ಲಿ ಮಾತ್ರ ವ್ಯತ್ಯಾಸವಿದೆ. ಕವಿಗೆ ಅರಸನ ಮರ್ಯಾದೆ ಕಾಯಬೇಕಿತ್ತು, ಅಭಿಮಾನಿಗೆ ತನ್ನ ಮನಸ್ಸಿನ ಜೋಡಿ ಕೂಡಬೇಕು. ಆದರೂ ಇಬ್ಬರೂ ಕಥೆಯ ದೊಡ್ಡ ಘಟನೆಗಳನ್ನು ಮುಟ್ಟುವುದಿಲ್ಲ. ಜೂಜು ನಡೆಯುತ್ತದೆ, ವನವಾಸ ನಡೆಯುತ್ತದೆ, ಯುದ್ಧ ನಡೆಯುತ್ತದೆ. ಬದಲಾಗುವುದು ಯಾರು ಯಾರ ಕಡೆ ತಿರುಗಿ ಮಾತಾಡುತ್ತಾರೆ ಎಂಬುದು.

ಹರಿದ ಹಾರ

ಸಂಸ್ಕೃತ ಮಹಾಭಾರತದಲ್ಲಿ ಕಾಣದ ಒಂದು ದೃಶ್ಯ ಪಂಪನ ಒಂಬತ್ತನೆಯ ಆಶ್ವಾಸದಲ್ಲಿದೆ. ಸಂಧಿಗೆ ಬಂದ ಕೃಷ್ಣ ಕರ್ಣನಿಗೆ ಅವನ ಹುಟ್ಟಿನ ಗುಟ್ಟು ಹೇಳುತ್ತಾನೆ. ಅಷ್ಟಕ್ಕೇ ನಿಲ್ಲದೆ, ಈ ಗುಟ್ಟು ದುರ್ಯೋಧನನಿಗೆ ಮೊದಲೇ ಗೊತ್ತು, ಮುಳ್ಳಿನಿಂದ ಮುಳ್ಳು ತೆಗೆಯಲೆಂದೇ ನಿನ್ನನ್ನು ಸಾಕಿಕೊಂಡಿದ್ದಾನೆ ಎಂದು ಗೆಳೆತನದ ಬೇರಿಗೇ ಕೈಹಾಕುತ್ತಾನೆ. ಕರ್ಣ ವಾದಕ್ಕೆ ಇಳಿಯುವುದಿಲ್ಲ, ಒಂದು ನೆನಪು ತೆಗೆಯುತ್ತಾನೆ. ನೆತ್ತದ (ಪಗಡೆಯ) ಆಟ, ಸೋತ ದುರ್ಯೋಧನನ ಹೆಂಡತಿ ಭಾನುಮತಿ, ಒತ್ತೆ ಕೊಡೆಂದು ಕಾಡುವಾಗ ಹರಿದ ಹಾರ, ನೆಲದ ಮೇಲೆ ಚೆಲ್ಲಿದ ಮುತ್ತು. ಮನಸ್ಸಿನಲ್ಲಿ ಎಳ್ಳಷ್ಟೂ ಕಹಿಯಿಲ್ಲದೆ, ಇವನ್ನು ಆಯಲೇ ಎಂದು ಕೇಳುವ ಅರಸ. ಅಂಥವನನ್ನು ಬಿಟ್ಟು ನಿಮ್ಮ ಕಡೆ ಬಂದರೆ ನಾನು ಮನುಷ್ಯನೇ ಎಂಬುದು ಕರ್ಣನ ಮಾತಿನ ತಿರುಳು.

ಪದ್ಯದಲ್ಲಿ ಆಡಿದವನ ಹೆಸರಿಲ್ಲ. ಅದರಿಂದಲೇ ಕನ್ನಡ ವಿದ್ವತ್ತಿನಲ್ಲಿ ದೊಡ್ಡ ಚರ್ಚೆ ಎದ್ದಿತು. ಭಾನುಮತಿಯ ಜತೆ ಆಡುತ್ತಿದ್ದವನು ಕರ್ಣ, ಹಾರಕ್ಕೆ ಕೈಹಾಕಿದವನೂ ಅವನೇ, ಗಂಡ ಬಂದು ನೋಡಿಯೂ ಸಂಶಯಪಡಲಿಲ್ಲ ಎಂಬುದು ಒಂದು ಓದು. ಆಡುತ್ತಿದ್ದವರು ಗಂಡಹೆಂಡಿರೇ, ಕರ್ಣ ಅಲ್ಲಿದ್ದ ಗೆಳೆಯ, ಅವರ ಸರಸದ ಗಳಿಗೆಯಲ್ಲೂ ಅವನನ್ನು ಹೊರಗಿನವನೆಂದು ಕಾಣಲಿಲ್ಲ ಎಂಬುದು ಇನ್ನೊಂದು. ಮೊದಲ ಓದಿನಲ್ಲಿ ವಿಶ್ವಾಸ ಪರೀಕ್ಷೆಗೆ ಒಳಗಾಗಿ ಗೆಲ್ಲುತ್ತದೆ. ಎರಡನೆಯದರಲ್ಲಿ ಪರೀಕ್ಷೆಯ ಪ್ರಶ್ನೆಯೇ ಏಳುವುದಿಲ್ಲ. ಕೃಷ್ಣನ ಆರೋಪಕ್ಕೆ ಯಾವುದು ಬಲವಾದ ಉತ್ತರ ಎಂದು ಕೇಳಿದರೆ ಮೊದಲನೆಯದು ಎಂದು ನನಗನ್ನಿಸುತ್ತದೆ. ಲೆಕ್ಕಾಚಾರದ ಗೆಳೆಯ ಅಂಥ ಗಳಿಗೆಯಲ್ಲಿ ಲೆಕ್ಕ ತಪ್ಪದೆ ಇರಲಾರ. ಎರಡನೆಯ ಓದನ್ನು ಹಿಡಿದವರಿಗೂ ಬಲವಾದ ಕಾರಣವಿದೆ: ಗೆಳೆಯನ ಹೆಂಡತಿಯ ಹಾರಕ್ಕೆ ಕೈಹಾಕುವ ಕರ್ಣ ಅವರಿಗೆ ಬೇಡ.

ತಮಿಳಿನಲ್ಲಿ ವಿಲ್ಲಿಪುತ್ತೂರರ ಭಾರತದಲ್ಲೂ ಈ ಪ್ರಸಂಗವಿದೆ. ಕೋಲಾರ ಕಡೆಯ ಬಿ.ಆರ್. ಪಂತುಲು 1964ರಲ್ಲಿ ಶಿವಾಜಿ ಗಣೇಶನ್ ಅವರನ್ನು ನಾಯಕನಾಗಿಸಿ ತೆಗೆದ ತಮಿಳು ‘ಕರ್ಣನ್’ ಚಿತ್ರ ಅದನ್ನು ಮನೆಮಾತು ಮಾಡಿತು. ಜನಪ್ರಿಯ ನಿರೂಪಣೆಗಳಲ್ಲಿ ಒಂದು ಜಾಣ ಸೇರ್ಪಡೆಯಿದೆ. ಗಂಡ ಬರುವುದನ್ನು ಕಂಡು ಭಾನುಮತಿ ಏಳುತ್ತಾಳೆ. ಬಾಗಿಲಿಗೆ ಬೆನ್ನು ಹಾಕಿ ಕೂತ ಕರ್ಣ, ಸೋಲಿಗೆ ಹೆದರಿ ಓಡುತ್ತಿದ್ದಾಳೆಂದು ತಿಳಿದು ತಡೆಯುತ್ತಾನೆ. ಅಭಿಮಾನಿ ಕಥೆಯ ಭಾಷೆಯಲ್ಲಿ ಇದು ಬಿಟ್ಟುಹೋದ ದೃಶ್ಯ. ಕರ್ಣನ ಕೈ ಹಾರಕ್ಕೆ ತಾಗಲೂ ಬೇಕು, ಅವನ ಮೇಲೆ ಕಳಂಕ ಬರಲೂಬಾರದು. ಅರ್ಧ ಕ್ಷಣದ ತಪ್ಪು ತಿಳಿವಳಿಕೆಯೊಂದನ್ನು ನಡುವೆ ತೂರಿಸಿ ಎರಡನ್ನೂ ಸಾಧಿಸಿದ್ದಾರೆ.

ರನ್ನ ಇನ್ನೂ ಮುಂದೆ ಹೋದ. ರಣರಂಗದಲ್ಲಿ ಕರ್ಣನ ಹೆಣದ ಮುಂದೆ ನಿಂತ ದುರ್ಯೋಧನ, ನಿನ್ನ ಹುಟ್ಟನ್ನು ಬಲ್ಲ ಕೆಲವೇ ಜನರಲ್ಲಿ ನಾನೂ ಒಬ್ಬ ಎಂದು ಅಳುತ್ತಾನೆ. ಪಂಪನಲ್ಲಿ ಕೃಷ್ಣನ ಬಾಯಲ್ಲಿ ಕುತಂತ್ರದ ಸಾಕ್ಷಿಯಾಗಿದ್ದ ಸಂಗತಿ ಇಲ್ಲಿ ದುರ್ಯೋಧನನ ಬಾಯಲ್ಲಿ ಒಲವಿನ ಸಾಕ್ಷಿಯಾಯಿತು. ಶತ್ರುವಿನ ಅಣ್ಣನೆಂದು ಗೊತ್ತಿದ್ದೂ ನಂಬಿದ ಎಂದಾದರೆ ಆ ನಂಬಿಕೆಯ ತೂಕವೇ ಬೇರೆ. ರನ್ನನಿಗೆ ಇದಕ್ಕಾಗಿ ಹೊಸ ಘಟನೆ ಬೇಕಾಗಲಿಲ್ಲ, ಮಾತಾಡುವ ಬಾಯಿ ಬದಲಾದದ್ದೇ ಸಾಕಾಯಿತು.

ಅಲ್ಲಮ ಮತ್ತು ಮದ್ದಳೆ

ಕಲಬುರಗಿಯಿಂದ ಕಮಲಾಪುರ ದಾಟಿ ಹುಮನಾಬಾದಿನತ್ತ ಹೋದರೆ ಬಸವಕಲ್ಯಾಣದ ಸೀಮೆ. ಅಲ್ಲಿಯ ಅನುಭಾವಿ ಅಲ್ಲಮನ ಪ್ರೇಮವೂ ಹೀಗೇ ಎರಡಾಗಿ ಬರೆಯಲ್ಪಟ್ಟಿದೆ. ಹರಿಹರನ ‘ಪ್ರಭುದೇವರ ರಗಳೆ’ಯಲ್ಲಿ ಮದ್ದಳೆಗಾರ ಅಲ್ಲಮ ಕಾಮಲತೆಯನ್ನು ಒಲಿಯುತ್ತಾನೆ. ಅವಳು ಜ್ವರದಿಂದ ಸಾಯುತ್ತಾಳೆ, ದುಃಖದಲ್ಲಿ ಅಲೆಯುವಾಗಲೇ ಅವನಿಗೆ ಗುರು ಸಿಗುತ್ತಾನೆ. ಹದಿನೈದನೆಯ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಬನವಾಸಿಯ ಮಾಯೆ ಅವನಿಗೆ ಮರುಳಾಗುತ್ತಾಳೆ, ಅವನು ಮಾತ್ರ ಕೈಗೆ ಸಿಗುವುದಿಲ್ಲ. ಹರಿಹರನ ಅಲ್ಲಮ ಸಂಸಾರದಿಂದ ಹೊರಗೆ ಬಂದವನು, ಚಾಮರಸನ ಅಲ್ಲಮ ಅದರೊಳಗೆ ಹೋಗಲೇ ಇಲ್ಲ. ಪೂಜ್ಯ ವ್ಯಕ್ತಿಯ ಪ್ರೇಮ ಎಷ್ಟರ ಮಟ್ಟಿಗೆ ನಿಜವಾಗಿರಬಹುದು ಎಂಬುದಕ್ಕೆ ಒಂದೇ ಪರಂಪರೆಯ ಇಬ್ಬರು ಭಕ್ತಕವಿಗಳು ಕೊಟ್ಟ ಎರಡು ಉತ್ತರಗಳಿವು. ಎರಡನ್ನೂ ಪರಂಪರೆ ಉಳಿಸಿಕೊಂಡಿತು.

ಟಿ.ವಿ. ಮೊದಲು ಬಂದ ಜಿಲ್ಲೆ

ಕರ್ನಾಟಕದಲ್ಲಿ ಟಿ.ವಿ.ಯ ಚರಿತ್ರೆ ಬೆಂಗಳೂರಿನಿಂದ ಶುರುವಾಗುವುದಿಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಸೈಟ್ ಉಪಗ್ರಹ ಪ್ರಯೋಗಕ್ಕೆ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳನ್ನು ಆರಿಸಿದ್ದರು. ಕರ್ನಾಟಕದ ಪಾಲಿಗೆ ಗುಲಬರ್ಗಾ (ಇಂದಿನ ಕಲಬುರಗಿ), ರಾಯಚೂರು, ಬಿಜಾಪುರ ಜಿಲ್ಲೆಗಳು ಬಂದವು. ಹಳ್ಳಿಗೊಂದು ಸೆಟ್ಟು, ತಂತಿಬಲೆಯ ದೊಡ್ಡ ಆಂಟೆನಾ, ಎದುರಿಗೆ ಊರ ಜನ. ತೋರಿಸಿದ್ದು ಮುಖ್ಯವಾಗಿ ಬೇಸಾಯ, ಆರೋಗ್ಯ, ಶಾಲೆಯ ಪಾಠ. ಆ ಬಳಿಕ 1977ರಲ್ಲಿ ಗುಲಬರ್ಗಾದಲ್ಲಿ ದೂರದರ್ಶನದ ಪ್ರಸಾರ ಕೇಂದ್ರವಾಯಿತು. ಬೆಂಗಳೂರಿಗೆ ಆ ಭಾಗ್ಯ 1981ರ ನವೆಂಬರಿನಲ್ಲಿ.

ಈ ಕ್ರಮ ನಮ್ಮ ವಿಷಯಕ್ಕೆ ಮುಖ್ಯ. ಇಲ್ಲಿ ಟಿ.ವಿ. ಶುರುವಾದದ್ದೇ ಗುಂಪಿನಲ್ಲಿ ಕೂತು ನೋಡುವ ವಸ್ತುವಾಗಿ. ದೊಡ್ಡಾಟ, ಪುರಾಣ ಪ್ರವಚನ, ಮೊಹರಂನ ರಿವಾಯತ ಪದಗಳನ್ನು ಕೂಡಿ ಕೇಳುವ ಜನಕ್ಕೆ ಕಥೆಯ ನಡುವೆ ಬಾಯಿ ಹಾಕುವುದು ಹೊಸದಲ್ಲ. 1988ರ ಅಕ್ಟೋಬರಿನಿಂದ 1990ರ ಜೂನ್‌ವರೆಗೆ ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ ಹಿಂದಿಯಲ್ಲಿ ಬಂದಾಗ, ದಖನಿ ಉರ್ದು ಬೀದಿಯ ಮಾತಾದ ಕಲಬುರಗಿಗೆ ರಾಹಿ ಮಾಸೂಮ್ ರಜಾ ಬರೆದ ಸಂಭಾಷಣೆ ಅಷ್ಟೇನೂ ಪರಕೀಯ ಅನ್ನಿಸಬೇಕಿರಲಿಲ್ಲ. 2013ರಲ್ಲಿ ಸ್ಟಾರ್ ಪ್ಲಸ್ ತೆಗೆದ ಇನ್ನೊಂದು ‘ಮಹಾಭಾರತ’ ಕನ್ನಡ ಮಾತಾಡಿದ್ದು 2020ರ ಲಾಕ್‌ಡೌನ್ ದಿನಗಳಲ್ಲಿ, ಸ್ಟಾರ್ ಸುವರ್ಣದಲ್ಲಿ. ಡಬ್ಬಿಂಗ್ ಬೇಡವೆಂದು ದಶಕಗಟ್ಟಲೆ ಹಟ ಹಿಡಿದ ನಾಡಿನಲ್ಲಿ ಅದು ಮನೆಮನೆಯ ಮಾತಾಯಿತು.

ಹೊಸ ಬರಹಗಾರರ ಕೈಗೆ

2013ರ ‘ಮಹಾಭಾರತ’ ಧಾರಾವಾಹಿಯ ಸುತ್ತ ಹುಟ್ಟಿದ ಅಭಿಮಾನಿ ಕಥೆಗಳಲ್ಲಿ ಕರ್ಣ ಮತ್ತು ದ್ರೌಪದಿಯ ಜೋಡಿಗೆ ದೊಡ್ಡ ಪಾಲಿದೆ. ಕ್ಯಾಮೆರಾ ಅವರಿಬ್ಬರ ಮುಖದ ಮೇಲೆ ಒಂದು ಗಳಿಗೆ ಹೆಚ್ಚು ನಿಂತರೆ ಸಾಕು, ಅಭಿಮಾನಿಗೆ ಅದೇ ಆಧಾರ. ಪಠ್ಯದಲ್ಲಿ ಇಲ್ಲದ್ದನ್ನು ನೋಟದಲ್ಲಿ ಓದುವುದು ಟಿ.ವಿ. ಕಾಲದ ವಿಶೇಷ. ಕಾವ್ಯದಲ್ಲಿ ಕರ್ತೃಪದ ಬಿಟ್ಟುಹೋದಂತೆ ಇಲ್ಲಿ ನೋಟದ ಅರ್ಥ ಬಿಟ್ಟುಹೋಗಿರುತ್ತದೆ.

ಆದರೆ ಈ ಜೋಡಿಯೂ ಟಿ.ವಿ. ಹುಟ್ಟಿಸಿದ್ದಲ್ಲ. ನಮ್ಮ ಗಡಿಯಾಚೆಯ ಮರಾಠಿ ಜನಪದದ ‘ಜಾಂಭೂಳ ಆಖ್ಯಾನ’ದಲ್ಲಿ ಮರದಿಂದ ಬಿದ್ದ ನೇರಳೆ ಹಣ್ಣು ಮತ್ತೆ ಕೊಂಬೆಗೆ ಸೇರಬೇಕಾದರೆ ದ್ರೌಪದಿ ಮನಸ್ಸಿನ ಗುಟ್ಟು ಒಪ್ಪಿಕೊಳ್ಳಬೇಕು. ಅವಳು ಕರ್ಣನ ಹೆಸರು ಹೇಳುತ್ತಾಳೆ. ಚಿತ್ರಾ ಬ್ಯಾನರ್ಜಿ ದಿವಾಕರುಣಿ 2008ರ ‘ದಿ ಪ್ಯಾಲೇಸ್ ಆಫ್ ಇಲ್ಯೂಷನ್ಸ್’ ಕಾದಂಬರಿಯಲ್ಲಿ ಅದೇ ಒಲವನ್ನು ದ್ರೌಪದಿಯೇ ಹೇಳುವಂತೆ ಬರೆದರು.

ಅಭಿಮಾನಿ ಕಥೆಯನ್ನು ಹಗುರವಾಗಿ ಕಾಣುವವರ ಆಕ್ಷೇಪ ಎರಡು. ಅದು ಮೂಲಕ್ಕೆ ನಿಷ್ಠವಲ್ಲ ಎಂಬುದು ಮೊದಲನೆಯದು. ಪಂಪ, ರನ್ನ, ಚಾಮರಸರನ್ನು ಪಠ್ಯಪುಸ್ತಕದಲ್ಲಿ ಇಟ್ಟುಕೊಂಡ ನಮಗೆ ಈ ಆಕ್ಷೇಪ ಎತ್ತುವ ಹಕ್ಕಿಲ್ಲ. ಅದರಲ್ಲಿ ಬರೀ ಪ್ರೇಮದ ಗೀಳಿದೆ ಎಂಬ ಎರಡನೆಯದರಲ್ಲಿ ನಿಜವಿದೆ. ಕರ್ಣ ಮತ್ತು ದುರ್ಯೋಧನರ ಋಣ, ಅಭಿಮಾನ, ಹಟಗಳ ಸಂಬಂಧವನ್ನು ಬರೀ ಪ್ರಣಯಕ್ಕೆ ಇಳಿಸಿದರೆ ರನ್ನ ಕಟ್ಟಿದ ತೂಕ ಕಳೆದುಹೋಗುತ್ತದೆ. ಅಸ್ಪಷ್ಟತೆಯನ್ನು ಪೂರ್ತಿ ಅಳಿಸಿದ ಕಥೆಗೆ ಮರು ಓದು ದಕ್ಕುವುದಿಲ್ಲ. ನೆತ್ತದ ಪದ್ಯ ಇಂದಿಗೂ ಚರ್ಚೆಯಲ್ಲಿರುವುದು ಪಂಪ ಆ ಹೆಸರನ್ನು ಬರೆಯದೆ ಬಿಟ್ಟದ್ದರಿಂದ.

ಸಮಾರೋಪ

ಹಳೆಯ ವಿದ್ವತ್ತಿಗೆ ಹೊಸ ಬರಹಗಾರರು ಕಲಿಸಬಹುದಾದದ್ದೂ ಒಂದಿದೆ. ನೆತ್ತದ ಪದ್ಯದ ಚರ್ಚೆ ಹೆಚ್ಚಾಗಿ ಇಬ್ಬರು ಗಂಡಸರ ಸುತ್ತ ನಡೆಯಿತು: ಆಡಿದವನು ಯಾರು, ಆಯಲು ಹೊರಟವನು ಯಾರು. ಹಾರ ಹರಿದದ್ದು ಭಾನುಮತಿಯದು, ಮುತ್ತು ಹಾಳಾದುವೆಂದು ಮರುಗುತ್ತ ನಿಂತವಳೂ ಅವಳೇ. ಆ ಪದ್ಯದಲ್ಲಿ ಅವಳಿಗೆ ಒಂದು ಮಾತೂ ಇಲ್ಲ. ಅಭಿಮಾನಿ ಕಥೆಗಾರ್ತಿಯೊಬ್ಬಳ ಕೈಗೆ ಈ ದೃಶ್ಯ ಸಿಕ್ಕರೆ ಅವಳು ಬಹುಶಃ ಅಲ್ಲಿಂದಲೇ ಶುರುಮಾಡುತ್ತಾಳೆ. ಯಾರ ಬಾಯಲ್ಲಿ ಆಡಿಸಬೇಕು ಎಂಬ ರನ್ನನ ಉಪಾಯಕ್ಕೆ ಅದು ನೇರ ಮುಂದುವರಿಕೆ.

ಕಲಬುರಗಿಯ ವಿಶ್ವವಿದ್ಯಾಲಯಗಳ ಕನ್ನಡ ಮತ್ತು ಜಾನಪದ ವಿಭಾಗಗಳಿಗೆ ಇಲ್ಲಿ ಕೆಲಸವಿದೆ. ದೊಡ್ಡಾಟದ ಕರ್ಣನನ್ನೂ ಧಾರಾವಾಹಿಯ ಕರ್ಣನನ್ನೂ ಕಂಡ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಅವರು ಟಿ.ವಿ. ಕಥೆಯನ್ನು ಹೇಗೆ ತಿರುಗಿ ಹೇಳುತ್ತಾರೆ ಎಂಬುದನ್ನು ದಾಖಲಿಸಿ, ಎಳೆಯರು ಮೊಬೈಲಿನಲ್ಲಿ ಬರೆಯುವ ಕಥೆಗಳ ಪಕ್ಕದಲ್ಲಿಟ್ಟು ಓದಬೇಕು. ಪಂಪನ ಟೀಕಾಕಾರರನ್ನು ಓದುವ ಶಿಸ್ತಿನಲ್ಲೇ ಈ ಎರಡನ್ನೂ ಓದಿದರೆ, ಕನ್ನಡದ ವ್ಯಾಖ್ಯಾನ ಪರಂಪರೆಯ ಚರಿತ್ರೆಯನ್ನು ಇಂದಿನವರೆಗೆ ತಂದು ಮುಟ್ಟಿಸಬಹುದು.