ಎರಕದ ನವಿಲು, ಮಗ್ಗದ ನವಿಲು

ನವಲಗುಂದದ ಹೆಸರು ಹೊರಗಿನವರ ಬಾಯಲ್ಲಿ ಬರುವುದು ಹೆಚ್ಚಾಗಿ 1980ರ ರೈತ ಬಂಡಾಯದ ಮಾತಿಗೆ. ಅದಕ್ಕಿಂತ ಎಷ್ಟೋ ಹಳೆಯದು ಈ ಊರಿನ ಜಮಖಾನ. ಆದಿಲ್‌ಶಾಹಿ ಕಾಲದಲ್ಲಿ ಯುದ್ಧಗಳ ಕಾಟಕ್ಕೆ ವಿಜಯಪುರ ಬಿಟ್ಟು ಬಂದ ನೇಕಾರರು ಇಲ್ಲಿ ಮಗ್ಗ ಹೂಡಿದರೆಂದು ಹೇಳುತ್ತಾರೆ. ಅವರು ನೆಲೆಸಿದ ಓಣಿಗೆ ಜಮಖಾನ ಗಲ್ಲಿ ಎಂದೇ ಹೆಸರು. ನೇಯುವವರು ಶೇಖ್ ಸಯೀದ್ ಸಮುದಾಯದ ಹೆಂಗಸರು.

ಮಗ್ಗ ನೆಟ್ಟಗೆ ನಿಂತಿರುತ್ತದೆ. ಬಿಗಿದ ಹಾಸಿನ ನಡುವೆ ಬಣ್ಣದ ಹತ್ತಿ ನೂಲನ್ನು ಕೈಯಲ್ಲೇ ತೂರಿಸಿ, ಹಲ್ಲಿರುವ ಪಂಜಾದಿಂದ ಕೆಳಕ್ಕೆ ಜಡಿಯುತ್ತಾರೆ. ಜಡಿದಂತೆಲ್ಲ ಹೊಕ್ಕು ಹಾಸನ್ನು ಮುಚ್ಚಿಬಿಡುತ್ತದೆ. ಕಣ್ಣಿಗೆ ಬೀಳುವುದು ಹೊಕ್ಕಿನ ಬಣ್ಣವಷ್ಟೇ. ಒಂದು ಬಣ್ಣ ನಿಂತು ಇನ್ನೊಂದು ಶುರುವಾಗುವುದು ಎಳೆ ಎಣಿಸಿ. ಹೀಗಾಗಿ ಜಮಖಾನದಲ್ಲಿ ನೇಯ್ದ ನವಿಲಿನ ಕತ್ತು ಬಳುಕುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಗರಿಯೂ ಮೂಲೆಮೂಲೆಯಾಗಿ ಮೂಡುತ್ತದೆ. ಆದರೂ ಅದು ನವಿಲೆಂದು ಚಿಕ್ಕ ಮಗುವೂ ಗುರುತಿಸೀತು.

ಆಶ್ರಯ ತಪ್ಪಿದ ಕಸುಬುದಾರರು ಹಕ್ಕಿಯ ಬೆನ್ನು ಹತ್ತಿದ ಕಥೆ ಜಪಾನಿನಲ್ಲೂ ಉಂಟು. 1868ರ ನಂತರ ಸಮುರಾಯಿಗಳ ದರ್ಬಾರು ಮುಗಿಯಿತು. 1876ರಲ್ಲಿ ಸೊಂಟಕ್ಕೆ ಕತ್ತಿ ಸಿಕ್ಕಿಸಿ ತಿರುಗುವುದಕ್ಕೇ ನಿಷೇಧ ಬಂತು. ಕತ್ತಿಯ ಹಿಡಿಗೆ ಕುಸುರಿ ಮಾಡುತ್ತಿದ್ದ ಕೈಗಳಿಗೆ ಕೆಲಸವಿಲ್ಲದಾಯಿತು. ಅಷ್ಟರಲ್ಲಿ, 1874ರಲ್ಲೇ, ಸರ್ಕಾರದ ಬೆಂಬಲದಿಂದ ಕಿರಿತ್ಸು ಕೋಶೊ ಕೈಶಾ ಎಂಬ ಕಂಪನಿ ಹುಟ್ಟಿ, ಕರಕುಶಲ ಸರಕನ್ನು ಯುರೋಪು, ಅಮೆರಿಕಗಳಿಗೆ ರಫ್ತು ಮಾಡತೊಡಗಿತ್ತು. ಆ ಕಂಪನಿಯ ಎರಕದ ಕಸುಬುದಾರ ಸುಜುಕಿ ಚೋಕಿಚಿ ಕಂಚಿನಲ್ಲಿ ಎರೆದ ನವಿಲುಗಳ ಧೂಪದಾನಿ 1878ರ ಪ್ಯಾರಿಸ್ ಮೇಳದಲ್ಲಿತ್ತು. ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. 1893ರ ಶಿಕಾಗೊ ಮೇಳಕ್ಕೆ ಹೋದದ್ದು ಆತನ ಕಂಚಿನ 12 ಗಿಡುಗಗಳು. ಒಂದೊಂದರ ಭಂಗಿಯೂ ಬೇರೆ, ಪುಕ್ಕದ ಗೀರು ಗೀರೂ ಸ್ಪಷ್ಟ.

ಎರಕಕ್ಕೆ ಆ ಸವಲತ್ತಿದೆ. ಮೇಣದಲ್ಲಿ ಮೂಡಿದ್ದೆಲ್ಲ ಕಂಚಿಗೆ ಇಳಿಯುತ್ತದೆ. ಮಗ್ಗ ಅಷ್ಟು ಉದಾರಿಯಲ್ಲ. ಹಾಗೆ ನೋಡಿದರೆ, ಏನನ್ನು ಬಿಡಬೇಕೆಂಬ ಜಾಣ್ಮೆಯಲ್ಲಿ ನವಲಗುಂದದ ಹೆಂಗಸರದ್ದೇ ಒಂದು ಕೈ ಮೇಲು. ನವಿಲಷ್ಟೇ ಅಲ್ಲ, ಪಗಡೆಯ ಪಟವೂ ಜಮಖಾನದ ಚಿತ್ತಾರವಾಗಿದೆ, ನಮಾಜಿಗೆಂದು ಜಾನಮಾಜನ್ನೂ ನೇಯುತ್ತಾರೆ. ಸುಜುಕಿಯ ಹೆಸರು ಮ್ಯೂಸಿಯಂ ಫಲಕದಲ್ಲಿದೆ; ಜಮಖಾನದ ಮೇಲೆ ನೇಯ್ದವಳ ಹೆಸರಿಲ್ಲ. ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದ್ದು ಊರಿನ ಹೆಸರಿಗೆ. ಯಂತ್ರದ ಅಗ್ಗದ ಹಾಸುಗಳ ಎದುರು ಕೂಲಿ ಗಿಟ್ಟದೆ, ಮಗ್ಗಕ್ಕೆ ಕೂರುವವರ ಸಂಖ್ಯೆ ಮಾತ್ರ ಕರಗುತ್ತಲೇ ಇದೆ.